ಡಕೋಟಾ ಕಟ್ಟಿದ ಅಕ್ಕ

ಅಕ್ಕ ಹೊಸಬರನ್ನು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. "ಮುಖ ಮರೀತೀನಿ, ಕೈ ಮರೆಯಂಗಿಲ್ಲ" ಎಂದು ಅವರೇ ಹೇಳಿದ್ದುಂಟು. ಕುಷಾಯಿಗೂಡದ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದ ದಿನವೂ ಹಾಗೇ ಆಯಿತು. ನನ್ನ ಗಂಡ ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದವರು. ಅವರು ತೀರಿಕೊಂಡ ಏಳು ತಿಂಗಳಿಗೆ ಅವರ ಬದಲು ನನಗೆ ಕೆಲಸ ಕೊಟ್ಟಿದ್ದರು. ರಾಯಚೂರಿನಿಂದ ಮದುವೆಯಾಗಿ ಬಂದವಳು ನಾನು, ಅಲ್ಲಿಯವರೆಗೆ ಮನೆ ಬಿಟ್ಟು ಹೊರಗೆ ದುಡಿದವಳಲ್ಲ. ವೈರಿಂಗ್ ವಿಭಾಗದ ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತಿದ್ದೆ. ದಾರ ಕಟ್ಟಿದ ಕನ್ನಡಕ ಹಾಕಿಕೊಂಡಿದ್ದ ಒಬ್ಬ ಹೆಂಗಸು ಎದ್ದು ಬಂದು, ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದರು. ಆಮೇಲೆ ತಲೆಯೆತ್ತಿ, "ಕನ್ನಡದಾಕಿ ಏನು?" ಎಂದರು.

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತ್ರಿ?"

"ಕೈಯಾಗ ರೊಟ್ಟಿ ಬಡಿದ ಗುರುತು ಅದ" ಎಂದರು. ಅವರು ಬೀದರಿನ ಕಡೆಯವರು. ಅವರ ಬಾಯಲ್ಲಿ 'ಅದ', ನನ್ನ ಬಾಯಲ್ಲಿ 'ಐತಿ'. ಇಬ್ಬರೂ ಹೈದರಾಬಾದಿನಲ್ಲಿ ಇಷ್ಟು ವರ್ಷ ಕಳೆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಹತ್ತಲಿಲ್ಲ.

ಆ ವಿಭಾಗದಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ತೆಲುಗಿನವರಿಗೂ ಅಕ್ಕ ಎಂದರೆ ಅಕ್ಕನೇ ಆದ್ದರಿಂದ ಆ ಹೆಸರು ಸಲೀಸಾಗಿ ನಿಂತುಬಿಟ್ಟಿತ್ತು. ಅವರಿಗಿಂತ ಹಿರಿಯರಾದ ಅಧಿಕಾರಿಗಳೂ ಹಾಗೇ ಕರೆಯುತ್ತಿದ್ದರು. ಹೋದ ಶ್ರಾವಣದಲ್ಲಿ ಅಕ್ಕ ತೀರಿಕೊಂಡ ಸುದ್ದಿಯನ್ನು ಹಳೆಯ ಕೆಲಸಗಾರರಿಗೆ ಫೋನಿನಲ್ಲಿ ತಿಳಿಸುವಾಗ ಅವರ ನಿಜವಾದ ಹೆಸರು ಹೇಳಿದರೆ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಲ್ಲ. ಹಾಗಾಗಿ ಇಲ್ಲಿಯೂ ಅವರು ಅಕ್ಕನೇ ಆಗಿರಲಿ.

ಸೇರಿದ ಮೂರನೆಯ ದಿನ ಬೆಸುಗೆಯ ಕಬ್ಬಿಣದಿಂದ ನನ್ನ ಹೆಬ್ಬೆರಳು ಸುಟ್ಟಿತು. ನೋವಿಗಿಂತ ಹೆಚ್ಚಾಗಿ, ಅಷ್ಟು ತಿಂಗಳು ಒಳಗೆ ಹಿಡಿದಿಟ್ಟಿದ್ದ ಅಳು ಅವತ್ತು ಒಮ್ಮೆಲೇ ಬಂತು. ಅಕ್ಕ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಬೆರಳನ್ನು ನೀರಿನ ಕೆಳಗೆ ಹಿಡಿದರು. ಐದು ನಿಮಿಷ, ಹತ್ತು ನಿಮಿಷ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಳು ನಿಂತಿತೆಂದು ಗೊತ್ತಾದಾಗ ನಲ್ಲಿ ನಿಲ್ಲಿಸಿ, "ಸುಡಲಾರದ ಕೈ ಈ ಕೆಲಸ ಕಲಿಯಂಗಿಲ್ಲ. ನಾಳಿಗಿ ಬಾ" ಎಂದರು. ಮರುದಿನ ಹೋದಾಗ ಅವರ ಕುರ್ಚಿ ನನ್ನ ಕುರ್ಚಿಯ ಪಕ್ಕಕ್ಕೆ ಬಂದಿತ್ತು.

ಕೆಲಸ ಕಲಿಸುವುದರಲ್ಲಿ ಅವರಿಗೆ ಒಂದೇ ಒಂದು ಹಟ. ಯಾರ ತಪ್ಪನ್ನೂ ತಾವು ತಿದ್ದುತ್ತಿರಲಿಲ್ಲ. ಬೆಸುಗೆ ಸರಿಯಾಗಿಲ್ಲದ ಬೋರ್ಡನ್ನು ಮಾಡಿದವರ ಮುಂದೆಯೇ ಇಡುತ್ತಿದ್ದರು. ಎಲ್ಲಿ ತಪ್ಪಾಗಿದೆ ಎಂದೂ ಹೇಳುತ್ತಿರಲಿಲ್ಲ. ಹುಡುಕಿಕೊಳ್ಳಬೇಕು. ಒಮ್ಮೆ ತಪಾಸಣೆಯ ಅಧಿಕಾರಿಯೊಬ್ಬರು ನಾನು ಮಾಡಿದ ಬೋರ್ಡು ಹಿಡಿದುಕೊಂಡು ಅವಸರವಾಗಿ ಬಂದರು. ಒಂದು ಬೆಸುಗೆ ಹಿಡಿದಿರಲಿಲ್ಲವಂತೆ. ನಾನು ಕ್ಯಾಂಟೀನಿನಲ್ಲಿದ್ದೆ. "ಅಕ್ಕಾ, ಮೀರೇ ಒಕ್ಕ ಟಚ್ ಇವ್ವಂಡಿ" ಎಂದು ಅವರು ಬೋರ್ಡನ್ನು ಅಕ್ಕನ ಮುಂದಿಟ್ಟರು, ನೀವೇ ಒಂದು ಸಲ ಮುಟ್ಟಿಸಿ ಕೊಡಿ ಎಂದು. ಅಕ್ಕನಿಗೆ ಅದು ಎರಡು ಸೆಕೆಂಡಿನ ಕೆಲಸ. ಆದರೆ ಅಧಿಕಾರಿಗೆ ಸ್ಟೂಲು ಎಳೆದು ಕೊಟ್ಟು, "ಮಾಡಿದಾಕಿ ಊಟಕ್ಕ ಹೋಗ್ಯಾಳ. ಬರ್ತಾಳ, ಮಾಡ್ತಾಳ, ಕುಂದರ್ರಿ" ಎಂದು ಕನ್ನಡದಲ್ಲಿಯೇ ಹೇಳಿ ತಮ್ಮ ಕೆಲಸಕ್ಕೆ ತಿರುಗಿದರಂತೆ. ನಾನು ಬಂದಾಗ ಆ ಅಧಿಕಾರಿ ಮಂಡಿಯ ಮೇಲೆ ಬೋರ್ಡಿಟ್ಟುಕೊಂಡು ಕುಳಿತಿದ್ದರು. ಆ ದಿನದ ನಂತರ ನನ್ನ ಕೈ ನಡುಗಿದ್ದು ನೆನಪಿಲ್ಲ.

ಅಕ್ಕ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಹೊತ್ತು ಸಿಗಲಿಲ್ಲ" ಎನ್ನುತ್ತಿದ್ದರು, ಬಸ್ಸು ತಪ್ಪಿದ ಧಾಟಿಯಲ್ಲಿ. ನಿವೃತ್ತಿಯಾದ ಮೇಲೂ ಕುಷಾಯಿಗೂಡದ ಎರಡು ಕೋಣೆಯ ಮನೆಯಲ್ಲೇ ಉಳಿದರು. ಭಾನುವಾರ ನಾನು ಹೋಗುತ್ತಿದ್ದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಊಟವಾದ ಮೇಲೆ ಸೋಂಪು ಅಗಿಯುತ್ತ ಕಾರ್ಖಾನೆಯ ಸುದ್ದಿ ಕೇಳುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಒಂದು ಭಾನುವಾರ ಅವರು ಚಹಾದ ಬಸಿ ಹಿಡಿದಾಗ ಬಸಿಯೊಳಗೆ ಕಪ್ಪು ಟಣಟಣ ಎಂದಿತು. ಇಬ್ಬರೂ ಅದನ್ನು ಕೇಳಿಸಿಕೊಂಡೆವು. ಅಕ್ಕ ಬಸಿ ಕೆಳಗಿಟ್ಟು, ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಡಾಕ್ಟರು ಅದು ನಡುಕದ ರೋಗ, ಗುಣವಾಗುವುದಿಲ್ಲ, ಮಾತ್ರೆಯಿಂದ ಹಿಡಿತದಲ್ಲಿಡಬಹುದು ಎಂದರು. ಮೂವತ್ತು ವರ್ಷ ಕೂದಲಿನಷ್ಟು ತೆಳ್ಳಗಿನ ತಂತಿ ಹಿಡಿದ ಕೈ. ನಾನು ದಾರಿಯುದ್ದಕ್ಕೂ ಏನಾದರೂ ಹೇಳಬೇಕೆಂದು ಹುಡುಕುತ್ತಿದ್ದೆ. ಅಕ್ಕನೇ ಆಟೋದಲ್ಲಿ, "ಗುಳಿಗಿ ತಗೊಂಡ್ರ ಒಂದು ತಾಸು ಕೈ ಮಾತು ಕೇಳತಾವಂತ. ಒಂದು ತಾಸು ಏನು ಕಡಿಮಿ ಅಲ್ಲ" ಎಂದರು.

ಆ ಚಳಿಗಾಲದಲ್ಲಿ ಆಬಿಡ್ಸ್‌ಗೆ ಹೋಗೋಣ ಎಂದರು. ಅಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕಗಳನ್ನು ಹಾಸಿರುತ್ತಾರೆ. ಅಕ್ಕನಿಗೆ ಪುಸ್ತಕಕ್ಕಿಂತ ಆ ಗದ್ದಲ ಇಷ್ಟ. ಒಬ್ಬ ಮುದುಕ ವ್ಯಾಪಾರಿಯ ಹಾಸಿನ ತುದಿಯಲ್ಲಿ ಹಳೆಯ ಪತ್ರಿಕೆಗಳ ಕೆಳಗೆ ಮೂಲೆ ಜಜ್ಜಿದ ಒಂದು ಡಬ್ಬ ಇತ್ತು. ಮೇಲೆ ಎರಡು ಪಂಖದ, ಗುಂಡು ಮೂಗಿನ ಬೆಳ್ಳಿಬಣ್ಣದ ವಿಮಾನದ ಚಿತ್ರ. ಒಳಗೆ ಅದರ ಭಾಗಗಳು ಪ್ಲಾಸ್ಟಿಕ್ಕಿನಲ್ಲಿ, ಅಂಟಿಸಿ ಕಟ್ಟಿಕೊಳ್ಳಬೇಕಾದ ಮಾದರಿ. ಅಕ್ಕ ಕನ್ನಡಕ ಸರಿಮಾಡಿಕೊಂಡು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಬಚ್ಚೋಂಕಾ ಹೈ ಅಮ್ಮಾ. ಪೋತೇಕು ದೇನಾ ಕ್ಯಾ?" ಎಂದು ಮುದುಕ ಕೇಳಿದ, ಮೊಮ್ಮಗನಿಗೋ ಎಂದು.

"ನೈ ಮಿಯಾಂ, ಮೇರೇಕುಚ್ ಹೋನಾ" ಎಂದರು ಅಕ್ಕ. ನನಗೇ ಬೇಕು.

ಮುದುಕ ಅವರನ್ನೊಮ್ಮೆ ನೋಡಿ, ಡಬ್ಬದ ಧೂಳನ್ನು ತನ್ನ ಹೆಗಲ ಬಟ್ಟೆಯಿಂದ ಒರೆಸಿ ಕೊಟ್ಟ.

ಬಸ್ಸಿನಲ್ಲಿ ಕೇಳಿದೆ. "ಯಾವ ವಿಮಾನರಿ ಇದು?"

"ಡಕೋಟಾ."

ನನಗೆ ನಗು ಬಂತು. "ನಮ್ಮ ಕಡೆ ಮುರಕಲ ಬಸ್ಸಿಗಿ ಡಕೋಟಾ ಅಂತಾರ್ರಿ ಅಕ್ಕಾರ."

"ಅಂದವ್ರು ಅದರಾಗ ಕುಂತಿಲ್ಲ."

"ನೀವು ಕುಂತೀರೇನ್ರಿ?"

ಅಕ್ಕ ತೊಡೆಯ ಮೇಲಿನ ಡಬ್ಬವನ್ನು ನೆಟ್ಟಗೆ ಮಾಡಿದರು. "ಇಲ್ಲ. ನಾನೂ ಕುಂತಿಲ್ಲ" ಎಂದರು.

ಮನೆಗೆ ಬಂದು ಡಬ್ಬ ಬಿಚ್ಚಿದೆವು. ನೂರಾರು ಬೂದುಬಣ್ಣದ ತುಂಡುಗಳು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದವು. ಚಕ್ರ, ರೆಕ್ಕೆ, ಉಗುರಿಗಿಂತ ಸಣ್ಣ ಕುರ್ಚಿ, ಅಕ್ಕಿಕಾಳಿನಷ್ಟು ಹಿಡಿಕೆಗಳು. ಡಬ್ಬದಲ್ಲಿದ್ದ ಅಂಟು ಎಂದೋ ಒಣಗಿಹೋಗಿತ್ತು. ಮುಂದಿನ ವಾರ ನಾನು ಬೇರೆ ಶೀಶೆ ತಂದುಕೊಟ್ಟೆ. ಅಕ್ಕ ಅದರ ಮುಚ್ಚಳ ತಿರುವಿದರು, ವಾಸನೆ ಕೋಣೆಯೊಳಗೆ ಹರಡಿತು. ತಲೆ ಸುತ್ತಿಸುವ, ಕೊಳೆತ ಬಾಳೆಹಣ್ಣಿನಂಥ ವಾಸನೆ. ನಾನು ಕಿಟಕಿ ತೆರೆಯಲು ಎದ್ದೆ.

"ತೆಗೀಬ್ಯಾಡ, ಇರಲಿ" ಎಂದರು ಅಕ್ಕ. ಕಣ್ಣು ಮುಚ್ಚಿಕೊಂಡಿದ್ದರು. "ಅಪ್ಪನ ಅಂಗಿ ಹಿಂಗ ನಾರತಿತ್ತು."

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರೊಂದಿಗೆ ಒಡನಾಡಿದ್ದರೂ ಅವರ ತಂದೆಯ ವಿಷಯ ನಾನು ಕೇಳಿದ್ದು ಅಂದೇ. ತಂದೆ ಬೀದರಿನಿಂದ ಹೈದರಾಬಾದಿಗೆ ಬಂದ ದರ್ಜಿ. ಮೊದಲು ಡೇರೆ ಹೊಲಿಯುತ್ತಿದ್ದರಂತೆ. ಆಮೇಲೆ ಬೇಗಂಪೇಟೆಯ ವಿಮಾನ ನಿಲ್ದಾಣದ ಕಾರ್ಯಾಗಾರದಲ್ಲಿ ಕೆಲಸ ಸಿಕ್ಕಿತು.

"ದರ್ಜಿಗಿ ವಿಮಾನದಾಗೇನು ಕೆಲಸರಿ?" ಎಂದು ಕೇಳಿದೆ. "ಕುರ್ಚಿ ಗವುಸು ಹೊಲೀತಿದ್ರೇನು?"

"ಎಲ್ಲಾರೂ ಹಂಗೇ ಕೇಳ್ತಾರ. ವಿಮಾನ ಪೂರಾ ತಗಡಿಂದು ಅಂತ ತಿಳದಾರ. ಡಕೋಟಾದ ಬಾಲದಾಗ ಬಟ್ಟಿ ಅದ, ತಂಗಿ." ಡಬ್ಬದ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಂಭಾಗ, ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪಟ್ಟಿ. ಅದು ಬರೀ ಚೌಕಟ್ಟು. ಅದರ ಮೇಲೆ ಹತ್ತಿಯ ಬಟ್ಟೆ ಎಳೆದು, ಮೇಣ ಹಚ್ಚಿದ ದಾರದಿಂದ ಕೈಯಲ್ಲೇ ಹೊಲಿಯಬೇಕು. ಹೊಲಿಗೆ ಹೊಲಿಗೆಗೂ ಒಂದು ಗಂಟು. ಗಾಳಿಗೆ ಒಂದು ಹೊಲಿಗೆ ಹರಿದರೂ ಅದರ ಪಕ್ಕದ್ದು ಬಿಚ್ಚಬಾರದು. ಆಮೇಲೆ ಬಟ್ಟೆ ಬಿಗಿಯಾಗಲೆಂದು ಅದಕ್ಕೆ ಒಂದು ಬಗೆಯ ವಾರ್ನಿಷ್ ಬಳಿಯುತ್ತಾರೆ. ಆ ವಾಸನೆಯೇ ಅಂಗಿಯಲ್ಲಿ ಉಳಿಯುತ್ತಿದ್ದುದು.

ಅಕ್ಕ ಏಳು ವರ್ಷದವರಿದ್ದಾಗ ಒಂದು ಸಲ ತಂದೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಅಣ್ಣನನ್ನೂ ಕರೆದರು, ಅವನು ಬರಲಿಲ್ಲ. ತಂದೆ ಮಗಳನ್ನು ಎತ್ತಿ ಹಿಡಿದು, ಬಟ್ಟೆಯ ಮೇಲೆ ಬೆರಳಿಂದ ಬಡಿ ಎಂದರು. ತಮಟೆಯ ಹಾಗೆ ಸಪ್ಪಳವಾಯಿತು.

"ಅಣ್ಣ ಯಾಕ ಬರಲಿಲ್ಲರಿ?"

"ಅವಗ ಅಪ್ಪನ ಕೆಲಸ ಸೇರತಿರಲಿಲ್ಲ. ಅಪ್ಪ ಹೋದ ಮ್ಯಾಲ ಅವನ ಕತ್ರಿ, ಸೂಜಿ, ಎಲ್ಲಾ ಯಾರಿಗೋ ಕೊಟ್ಟುಬಿಟ್ಟ. ಇವತ್ತಿಗೂ ಅಪ್ಪನ ಮಾತು ತೆಗದ್ರ ಎದ್ದು ಒಳಗ ಹೋಗ್ತಾನ." ಅಣ್ಣ ಬೀದರಿನಲ್ಲಿ ಶಾಲಾ ಮಾಸ್ತರರಾಗಿ ನಿವೃತ್ತರಾಗಿ ಅಲ್ಲೇ ಇದ್ದರು. ಎಂಬತ್ತು ದಾಟಿತ್ತು. "ಇದನ್ನ ಕಟ್ಟಿ ಅವಗ ತೋರಿಸಬೇಕು, ಕೈ ಪೂರಾ ಹೋಗೂದ್ರಾಗ" ಎಂದರು ಅಕ್ಕ.

ಹೀಗೆ ಡಕೋಟಾ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಮಾತ್ರೆ, ಹನ್ನೊಂದಕ್ಕೆ ಮೇಜು. ಜೋಳ ತುಂಬಿದ ಒಂದು ಸಣ್ಣ ಬಟ್ಟೆಯ ಚೀಲ ಹೊಲಿದುಕೊಂಡಿದ್ದರು. ಮೊಣಕೈಯಿಂದ ಮುಂದಕ್ಕೆ ಅದನ್ನು ಕೈಯ ಮೇಲೆ ಹೇರಿಕೊಂಡರೆ ನಡುಕ ಸ್ವಲ್ಪ ಇಳಿಯುತ್ತಿತ್ತು. ಚಿಮುಟದಲ್ಲಿ ತುಂಡು ಹಿಡಿದು, ಉಸಿರು ಹೊರಗೆ ಬಿಟ್ಟು, ಮುಂದಿನ ಉಸಿರು ಎಳೆಯುವ ಮೊದಲು ಕೂರಿಸಿಬಿಡಬೇಕು. ತಪ್ಪಿದರೆ ಮತ್ತೆ. ಸಣ್ಣ ತುಂಡು ನೆಲಕ್ಕೆ ಹಾರಿದರೆ ಅದನ್ನು ಹುಡುಕುವುದರಲ್ಲೇ ಆ ದಿನದ ತಾಸು ಮುಗಿಯುತ್ತಿತ್ತು. ಅದಕ್ಕೆ ಮೇಜಿನ ಕೆಳಗೆ ಬಿಳಿ ಪಂಜೆ ಹಾಸಿದರು. ನನಗೆ ಕಾರ್ಖಾನೆಗೆ ಫೋನು ಬರುತ್ತಿತ್ತು. "ಇವತ್ತು ಒಂದು ಎಂಜಿನ್ ಆಯ್ತು." ಅಷ್ಟೇ. ಕೆಲವು ದಿನ, "ಇವತ್ತು ಏನೂ ಆಗಲಿಲ್ಲ." ಅದನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದರು.

ನಾನು ತಪ್ಪು ಮಾಡಿದ್ದು ರೆಕ್ಕೆಯ ವಿಷಯದಲ್ಲಿ. ಆ ಭಾನುವಾರ ನಾನು ಹೋಗುವಷ್ಟರಲ್ಲಿ ಅಕ್ಕ ಎಡರೆಕ್ಕೆ ಅಂಟಿಸಿದ್ದರು. ಊಟ ಮಾಡಿ ಅವರು ಮಲಗಿದರು. ನಾನು ಮೇಜಿನ ಹತ್ತಿರ ಕುಳಿತು ನೋಡುತ್ತಿದ್ದೆ. ಎಡರೆಕ್ಕೆ ಬಲರೆಕ್ಕೆಗಿಂತ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ತಗ್ಗಿತ್ತು. ಅಂಟು ಇನ್ನೂ ಹಸಿಯಿತ್ತು. ಸಂಜೆಯೊಳಗೆ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಏನೂ ಮಾಡಲಾಗುವುದಿಲ್ಲ ಅನ್ನಿಸಿತು. ರೆಕ್ಕೆಯನ್ನು ಮೆಲ್ಲಗೆ ಮೇಲೆತ್ತಿ ಕೆಳಗೆ ಬೆಂಕಿಪೊಟ್ಟಣವನ್ನೂ ಮಡಚಿದ ಕಾಗದವನ್ನೂ ಇಟ್ಟೆ. ಎರಡೂ ಸಮವಾದವು. ನನಗೆ ಖುಷಿಯೇ ಆಗಿತ್ತು.

ಅಕ್ಕ ಎದ್ದು ಬಂದು ಮೇಜಿನ ಮುಂದೆ ನಿಂತರು. ಕನ್ನಡಕ ಹಾಕಿಕೊಂಡರು.

"ಇದನ್ನ ಮುಟ್ಟಿದಿ?"

"ಸ್ವಲ್ಪ ಇಳದಿತ್ರಿ ಅಕ್ಕಾರ. ಒಣಗೂಕಿಂತ ಮೊದಲ ಏರಿಸಿದ್ರ ಚಲೋ ಅಂತ..."

"ಇಳದದ ಅಂಬೋದು ನನಗ ಗೊತ್ತಿತ್ತು. ಎದ್ದು ನಾನೇ ತೆಗೀತಿದ್ದೆ."

ಅವರು ಬಗ್ಗಿ ರೆಕ್ಕೆಯ ಕೆಳಗಿನ ಬೆಂಕಿಪೊಟ್ಟಣ ನೋಡಿದರು.

"ನಿನ್ನ ಬೋರ್ಡಿಗಿ ನಾ ಒಂದು ದಿನಾನರ ಕೈ ಹಚ್ಚೀನೇನು?"

"ಇಲ್ರಿ."

"ಮತ್ತ?"

ಅವರು ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು. ಕುಳಿತು, ಬೆಂಕಿಪೊಟ್ಟಣ ತೆಗೆದು, ಎಡರೆಕ್ಕೆಯನ್ನು ಮೆಲ್ಲಗೆ ಅಲುಗಿಸಿ ಕಿತ್ತು ಪಕ್ಕಕ್ಕಿಟ್ಟರು. ಕೈ ಜೋರಾಗಿ ನಡುಗುತ್ತಿತ್ತು. ಮಾತ್ರೆಯ ತಾಸು ಆಗಲೇ ಮುಗಿದಿತ್ತು. "ನೀ ಇನ್ನ ಹೋಗು ತಂಗಿ, ಬಸ್ಸಿನ ಹೊತ್ತಾಯ್ತು" ಎಂದರು. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಮೂರು ವಾರ ಫೋನು ಬರಲಿಲ್ಲ. ನಾನೇ ಮಾಡಿದರೆ "ಆರಾಮ ಇದ್ದೀನಿ" ಎಂದು ಇಟ್ಟುಬಿಡುತ್ತಿದ್ದರು. ನಾನು ಮೊದಮೊದಲು ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಒಂದು ದಿನ ಹೊಸದಾಗಿ ಸೇರಿದವಳ ಬೋರ್ಡು ನೋಡುತ್ತ ಕುಳಿತಾಗ ಬೇರೆಯದೇ ಹೊಳೆಯಿತು. ನಾನು ಅಂದು ಅಕ್ಕನ ಕೆಲಸ ತಿದ್ದಿರಲಿಲ್ಲ. ರೋಗಿಯೊಬ್ಬರ ಕೆಲಸ ತಿದ್ದಿದ್ದೆ. ಅವರ ಕೈ ಇನ್ನು ಕೆಲಸದ ಕೈಯಲ್ಲ ಎಂದು, ಅವರು ಮಲಗಿದ್ದಾಗ, ಅವರಿಗಿಂತ ಮೊದಲು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ನಾಲ್ಕನೆಯ ಭಾನುವಾರ ಹೋಗಿ ಬಾಗಿಲು ಬಡಿದೆ. ಅಕ್ಕ ತೆರೆದು ಒಳಗೆ ಹೋದರು, ಬಾ ಎನ್ನಲಿಲ್ಲ, ಆದರೆ ಚಹಾಕ್ಕೆ ಇಟ್ಟ ಸಪ್ಪಳ ಕೇಳಿಸಿತು. ಮೇಜಿನ ಮೇಲೆ ವಿಮಾನಕ್ಕೆ ಎರಡೂ ರೆಕ್ಕೆ ಬಂದಿದ್ದವು.

"ತಪ್ಪಾತ್ರಿ ಅಕ್ಕಾರ" ಎಂದೆ.

ಅವರು ವಿಮಾನವನ್ನು ನನ್ನ ಕಡೆ ತಿರುಗಿಸಿ, "ಎಷ್ಟು ತಗ್ಗದ ನೋಡು" ಎಂದರು.

ಬಗ್ಗಿ ನೋಡಿದೆ. "ಕೂದಲಷ್ಟು."

"ಐದು ಸಲ ಹಚ್ಚಿ ಐದು ಸಲ ತೆಗದೆ. ಇದಕ್ಕಿಂತ ಚಲೋ ನನ್ನ ಕೈಲಿ ಆಗಂಗಿಲ್ಲ. ಇರಲಿ." ಚಹಾ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಒಂದು ಸಣ್ಣ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಾಜಿನಂಥ ಚೂರುಗಳಿದ್ದವು. "ಕಿಟಕಿ. ನನಗ ಇವು ಕಾಣಂಗಿಲ್ಲ. ನೀ ಹಚ್ಚು. ಕೇಳಿದವ್ರಿಗಿ ನೀ ಹಚ್ಚೀದಿ ಅಂತ ಹೇಳತೀನಿ."

ನಾನು ಅಂಥ ಎಚ್ಚರಿಕೆಯಿಂದ ಬದುಕಿನಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಕೊನೆಗೆ ಬಣ್ಣ. ಮೈಗೆಲ್ಲ ಹೊಳೆಯುವ ಬೆಳ್ಳಿಬಣ್ಣ ಬಳಿದರು. ಬಾಲದ ಆ ಪಟ್ಟಿಗೆ ಮಾತ್ರ ಬೆಳ್ಳಿಬಣ್ಣಕ್ಕೆ ಒಂದಿಷ್ಟು ಬಿಳಿ, ಒಂದಿಷ್ಟು ಬೂದು ಕಲೆಸಿದರು. ಒಣಗಿದ ಮೇಲೆ ಅದು ಮಂಕಾಗಿ, ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಅದೊಂದಕ್ಕೇ ಒಂಬತ್ತು ದಿನ ಹಿಡಿಯಿತು.

ಹಳೆಯ ದಿಂಬಿನ ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ವಿಮಾನವನ್ನಿಟ್ಟು, ಮಿಯಾಪುರದಲ್ಲಿ ಬೀದರಿನ ಬಸ್ಸು ಹತ್ತಿದೆವು. ಪೆಟ್ಟಿಗೆ ಅಕ್ಕನ ತೊಡೆಯ ಮೇಲೆ. ಮೇಲಿನ ಸಾಮಾನಿನ ಹಲಗೆಯ ಮೇಲಿಡಲು ಕಂಡಕ್ಟರ್ ಹೇಳಿದ. ಅಕ್ಕ ಒಪ್ಪಲಿಲ್ಲ.

"ಲೋಪಲ ಏಮುಂದಮ್ಮಾ?" ಎಂದ, ಒಳಗೇನಿದೆ ಎಂದು.

"ವಿಮಾನಂ."

"ಅಯಿತೇ ಬಸ್ಸೆಂದುಕಮ್ಮಾ?" ಎಂದು ಅವನು ನಕ್ಕ. ಹಾಗಿದ್ದರೆ ಬಸ್ಸು ಯಾಕಮ್ಮಾ ಎಂದು. ಅಕ್ಕನೂ ನಕ್ಕರು. ಜಹೀರಾಬಾದ್ ದಾಟುವವರೆಗೆ ಆಗಾಗ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು.

ಅಣ್ಣ ಮಾಸ್ತರರ ಮನೆ ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಓಣಿಯಲ್ಲಿತ್ತು. ನೆಟ್ಟಗೆ ಕುಳಿತುಕೊಳ್ಳುವ, ಮಡಿಚಿದ ಪತ್ರಿಕೆಯನ್ನು ಮತ್ತೆ ಮಡಿಚುವ ಮನುಷ್ಯ. ತಂಗಿಯ ನಡುಗುವ ಕೈ ನೋಡಿ, "ಗುಳಿಗಿ ತಗೋತಿ ಇಲ್ಲ?" ಎಂದು ಗದರಿದರು. ಅಕ್ಕ ಪೆಟ್ಟಿಗೆ ಬಿಚ್ಚಿ ವಿಮಾನವನ್ನು ಅವರ ಮುಂದಿನ ಸ್ಟೂಲಿನ ಮೇಲಿಟ್ಟರು.

"ಏನಿದು, ಆಟದ ಸಾಮಾನು?"

"ನೋಡು ಅಣ್ಣಾ. ನಾ ಕಟ್ಟೀನಿ."

ಮಾಸ್ತರರು ಭೂತಗನ್ನಡಿ ತರಿಸಿದರು. ಮಕ್ಕಳ ನೋಟುಬುಕ್ಕು ತಿದ್ದುವವರಂತೆ ಮೂಗಿನಿಂದ ಶುರುಮಾಡಿದರು. "ಎಡರೆಕ್ಕಿ ತಗ್ಗದ."

"ಅದ."

"ಕಿಟಕಿ ಚಂದ ಕುಂತಾವ."

"ಅವು ಈಕಿ ಹಚ್ಯಾಳ" ಎಂದು ಅಕ್ಕ ನನ್ನ ಕಡೆ ತೋರಿಸಿದರು.

ಭೂತಗನ್ನಡಿ ಬಾಲಕ್ಕೆ ಬಂತು. "ಇಲ್ಲಿ ಬಣ್ಣ ಸರಿ ಹತ್ತಿಲ್ಲಲ್ಲ. ಮೈಯೆಲ್ಲಾ ಮಿಂಚತದ, ಇದೊಂದು ಮಂಕಾಗ್ಯದ."

"ಅದು ಬಟ್ಟಿ, ಅಣ್ಣಾ."

ಮಾಸ್ತರರು ಭೂತಗನ್ನಡಿ ಕೆಳಗಿಟ್ಟರು. ಎದ್ದು ಒಳಗೆ ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಸೊಸೆ ಚಹಾ ತಂದಿಟ್ಟು ಹೋದರು, ಅದರ ಮೇಲೆ ಕೆನೆ ಕಟ್ಟಿತು. ಆಮೇಲೆ ಅವರು ವಿಮಾನವನ್ನೇ ನೋಡುತ್ತ ಮಾತಾಡಿದರು.

"ಶಾಲ್ಯಾಗ 'ನಿಮ್ಮಪ್ಪ ವಿಮಾನದ ಅಡ್ಡ್ಯಾಗ ಏನು ಮಾಡತಾನ' ಅಂತ ಕೇಳಿದ್ರು. ಮೆಕ್ಯಾನಿಕ್ ಅಂದೆ. ದರ್ಜಿ ಅಂದ್ರ ನಗತಾರ ಅಂತ. ಒಂದು ಸಲ ಅಂದ ಮ್ಯಾಲ ಅದೇ ಆಯ್ತು. ಲಗ್ನದಾಗೂ ಅದೇ ಹೇಳಿದೆ. ಅಪ್ಪನ ಬೆರಳ ತುಂಬ ಸೂಜಿ ಚುಚ್ಚಿದ ಗುರುತು ಇರತಿದ್ವು. ಕೇಳಿದವ್ರಿಗಿ ಸ್ಪ್ಯಾನರ್ ಬಡದದ ಅಂತಿದ್ದೆ. ಒಂದು ಸಲ ಅಪ್ಪ ಅಲ್ಲೇ ನಿಂತು ಕೇಳಿಸ್ಕೊಂಡ. ಎರಡೂ ಕೈ ಅಂಗಿ ಕಿಸೆದಾಗ ಇಟ್ಕೊಂಡ."

"ಗೊತ್ತದ" ಎಂದರು ಅಕ್ಕ.

"ನಿನಗ ಹ್ಯಾಂಗ ಗೊತ್ತು?"

"ಅಪ್ಪ ಹೇಳಿದ್ದ."

ಮಾಸ್ತರರು ತಲೆಯೆತ್ತಿದರು. ಎಂಬತ್ತು ದಾಟಿದ ಆ ಮುಖದಲ್ಲಿ ಏಟು ಬೀಳಬಹುದೆಂದು ಕಾಯುವ ಹುಡುಗನ ಅಂಜಿಕೆ ಕಂಡಿತು. "ಏನಂದ?"

"'ಅಂವಾ ಹೇಳೋದೇನು ಸುಳ್ಳಲ್ಲ, ನಾನೂ ವಿಮಾನ ರಿಪೇರಿನೇ ಮಾಡತೀನಿ' ಅಂದ. ಅಷ್ಟೇ. ನಕ್ಕ."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ನಾನು ಓಣಿಯ ಕಡೆ ನೋಡುತ್ತ ಕುಳಿತೆ.

"ಅವತ್ತು ನೀ ಹೋಗಿದ್ದಿಯಲ್ಲ, ಅಪ್ಪನ ಜೋಡಿ" ಎಂದರು ಕಡೆಗೆ. "ಹ್ಯಾಂಗಿತ್ತು?"

ಅಕ್ಕ ಖಾಲಿ ಪೆಟ್ಟಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅದರ ರಟ್ಟಿನ ಮೇಲೆ ಬೆರಳಿಂದ ಬಡಿದರು. "ಹಿಂಗ ಸಪ್ಪಳ ಬರ್ತಿತ್ತು" ಎಂದರು. ಆಮೇಲೆ ಶುರುವಿನಿಂದ ಹೇಳಿದರು. ಯಾವ ಬಸ್ಸಿನಲ್ಲಿ ಹೋದದ್ದು, ಅಪ್ಪನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಸಾಬರು ತಮಗೆ ತಿನ್ನಲು ಏನು ಕೊಟ್ಟರು, ಬಟ್ಟೆ ಮುಟ್ಟಿದರೆ ಹೇಗೆ ತಣ್ಣಗಿತ್ತು. ಮಾಸ್ತರರು ನಡುನಡುವೆ ತಡೆದು ಪ್ರಶ್ನೆ ಕೇಳುತ್ತಿದ್ದರು. ನಾವು ಹೊರಡಬೇಕಿದ್ದ ಬಸ್ಸು ಹೋಯಿತು, ಅದರ ಮುಂದಿನದೂ ಹೋಯಿತು. ಮಾತ್ರೆಯ ಹೊತ್ತು ಮೀರಿ ಅಕ್ಕನ ಕೈ ರಟ್ಟಿನ ಮೇಲೆ ತಾನೇ ತಾನಾಗಿ ಬಡಿಯುತ್ತಿತ್ತು. ಅವರು ಅದನ್ನು ತಡೆಯಲು ಹೋಗಲಿಲ್ಲ.

ಡಕೋಟಾವನ್ನು ಅಲ್ಲೇ ಬಿಟ್ಟು ಬಂದೆವು.

ಅದಾದ ಮೇಲೆ ಅಕ್ಕ ಒಂದೂವರೆ ವರ್ಷ ಇದ್ದರು. ಕೈ ಬರಬರುತ್ತ ಪೂರ್ತಿ ಹೋಯಿತು. ಕೊನೆಯ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಇದ್ದು ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದೆ. ಅವರೇ ಕೇಳಿದ್ದರಿಂದ ಅದು ನನಗೆ ಹಗುರಾಗಿತ್ತು. ಶ್ರಾವಣದ ಒಂದು ಬೆಳಿಗ್ಗೆ ಎಬ್ಬಿಸಲು ಹೋದಾಗ ಏಳಲಿಲ್ಲ. ಎರಡೂ ಕೈ ಎದೆಯ ಮೇಲೆ ಅಲ್ಲಾಡದೆ ಇದ್ದವು. ಎಷ್ಟೋ ಕಾಲದ ಮೇಲೆ ಅವು ಸುಮ್ಮನಿದ್ದುದನ್ನು ನೋಡಿದೆ.

ಹದಿಮೂರನೆಯ ದಿನದ ಊಟಕ್ಕೆ ಕುಷಾಯಿಗೂಡದ ಆ ಎರಡು ಕೋಣೆಗಳಲ್ಲಿ ಕಾರ್ಖಾನೆಯ ಹಳಬರು ಹಿಡಿಯದಷ್ಟು ತುಂಬಿದ್ದರು. ಮಾಸ್ತರರು ಬೀದರಿನಿಂದ ಬಂದು ಬಾಗಿಲ ಬಳಿ ಕುಳಿತು ಎಲ್ಲರನ್ನೂ ಮಾತಾಡಿಸುತ್ತಿದ್ದರು. ನಮ್ಮ ಜೊತೆ ಕೆಲಸ ಮಾಡಿ ನಿವೃತ್ತರಾಗಿದ್ದ ಕಲಬುರಗಿಯವರೊಬ್ಬರು ಕೈತೊಳೆದು ಬಂದು ಅವರ ಪಕ್ಕದಲ್ಲಿ ಕುಳಿತರು.

"ಅಕ್ಕಾರ ಕೈ ಅಂದ್ರ ಕೈರಿ. ಅಂಥ ಕೈ ಎಲ್ಲಿಂದ ಬಂತರಿ ಅವ್ರಿಗಿ? ನಿಮ್ಮ ತಂದೆಯವ್ರು ಏನು ಮಾಡತಿದ್ರು?"

ನಾನು ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

"ದರ್ಜಿ ಇದ್ರು" ಎಂದರು ಮಾಸ್ತರರು. "ನಮ್ಮಪ್ಪ ವಿಮಾನ ಹೊಲೀತಿದ್ರು."

ಕಲಬುರಗಿಯವರು ತಮಾಷೆ ಎಂದುಕೊಂಡು ನಕ್ಕರು. ಮಾಸ್ತರರು ನಗಲಿಲ್ಲ. ತಮ್ಮ ಹೆಗಲ ಮೇಲಿನ ಶಲ್ಯವನ್ನು ತೆಗೆದು, ಮೊಣಕಾಲಿನ ಮೇಲೆ ಬಿಗಿಯಾಗಿ ಎಳೆದು ಹಿಡಿದು, "ಇಲ್ಲಿ ನೋಡ್ರಿ" ಎಂದು ಹೊಲಿಗೆ ಎಲ್ಲಿಂದ ಶುರುವಾಗುತ್ತಿತ್ತು ಎಂಬುದನ್ನು ಬೆರಳಿಟ್ಟು ತೋರಿಸತೊಡಗಿದರು.